ನಲವತ್ತೊಂದನೆಯ ಸಾಲು

ಎರಡಕ್ಕೆ ಹತ್ತು ನಿಮಿಷ. ಬೀದರಿನ ದೊಡ್ಡ ದವಾಖಾನೆ.
ಮೆಟ್ಟಿಲ ಕೆಳಗಿನ ಈ ಕೋಣೆಯಲ್ಲಿ ಮೊದಲು
ಹರಿದ ಗಾದಿ ಒಟ್ಟುತ್ತಿದ್ದರಂತೆ;
ಈಗಲೂ ಎ.ಸಿ. ಗಾಳಿಗೆ ಹಳೆ ಹತ್ತಿಯ ವಾಸನೆ.

ಉದ್ಘಾಟನೆಯ ದಿನ ಸಾಹೇಬರು ಮೈಕಿನಲ್ಲಿ
ಇದನ್ನು ನಮ್ಮ ಹೊಸ ಕೋಟೆ ಅಂದಿದ್ದರು.
ಕೋಟೆಯೇನಲ್ಲ. ಬೂದು ತಗಡಿನ ಪೆಟ್ಟಿಗೆ,
ಅರ್ಧ ಚೀಲ ಜೋಳದಷ್ಟು ಭಾರ.
ಆರು ಖಾನೆ; ಮೂರರಲ್ಲಿ ಹಲಗೆ, ಮೂರು ಖಾಲಿ.
ಮುಚ್ಚಳ ಕಳೆದುಹೋದ ಒಂದಕ್ಕೆ
ಯಾರೋ ಎಕ್ಸ್‌ರೇ ಫಿಲ್ಮು ಕತ್ತರಿಸಿ ಅಂಟಿಸಿದ್ದಾರೆ:
ಒಳಗೆ ದೀಪ ಮಿನುಗಿದಾಗೆಲ್ಲ
ಯಾರದೋ ಎರಡು ಪಕ್ಕೆಲುಬು.

ಹೊಸ ಫರ್ಮ್‌ವೇರ್ ಏರಿಸುವ ಮುಂಚೆ
ಹಳೆಯ ಕಟ್ಟಳೆಗಳನ್ನು ನಕಲು ತೆಗೆದಿಡಬೇಕು.
ಯಾರು ಒಳಗೆ, ಯಾರು ಹೊರಗೆ, ಇನ್ನೂರ ಹದಿನಾರು ಸಾಲು.
ಹೆಚ್ಚಿನವು ಘಾಳೆಪ್ಪ ಸರ್ ಬರೆದವು, ರಿಟೈರಾಗುವ ಮುನ್ನ.
ನಲವತ್ತೊಂದರ ಪಕ್ಕ ಅವರದೊಂದು ಟಿಪ್ಪಣಿ,
ಇಂಗ್ಲಿಷ್ ಅಕ್ಷರದಲ್ಲಿ ನಮ್ಮೂರ ಮಾತು:
ಇದಕ್ಕ ಕೈ ಹಚ್ಚಬ್ಯಾಡ್ರಿ.
ಯಾಕೆಂದು ಬರೆದಿಲ್ಲ.
ಅದು ಯಾವ ಯಂತ್ರದ ವಿಳಾಸ, ಗೊತ್ತಿಲ್ಲ.
ಆ ದಾರಿ ಹಾದವರ ಲೆಕ್ಕ, ನಾನು ಬಂದಾಗಿನಿಂದ, ಸೊನ್ನೆ.
ಅಳಿಸಲೆಂದು ಮೂರು ಸಲ ಬೆರಳಿಟ್ಟು ತೆಗೆದಿದ್ದೇನೆ.

ಪೆನ್‌ಡ್ರೈವಿನಲ್ಲಿ ಬಂದದ್ದು ಸಾಚಾವೋ ಅಲ್ಲವೋ
ತಾಳೆ ನೋಡಬೇಕು, ಅರವತ್ನಾಲ್ಕು ಅಕ್ಷರ.
ನಮ್ಮ ಓಣಿಯ ಖಮರುದ್ದೀನ್ ಚಾಚಾ
ಬಿದ್ರಿ ಹೂಜಿಗೆಂದು ಕಿಲ್ಲೆಯ ಮಣ್ಣು ತಂದರೆ
ಚಿಟಿಕೆ ನಾಲಿಗೆಗಿಟ್ಟು ಕಣ್ಣು ಮುಚ್ಚುತ್ತಾರೆ:
ಇದು ಕಪ್ಪೇರ್ತದ. ಇದು ಏರಂಗಿಲ್ಲ.
ನನಗೆ ಆ ನಾಲಿಗೆ ಇಲ್ಲ.
ಒಂದೊಂದೇ ಅಕ್ಷರ ಗಟ್ಟಿಯಾಗಿ ಓದುತ್ತೇನೆ;
ಬಾಗಿಲಲ್ಲಿ ವಾಚ್‌ಮನ್ ಸಿದ್ರಾಮ
ಮಂತ್ರವೆಂದು ತಿಳಿದು ಚಪ್ಪಲಿ ಬಿಡುತ್ತಾನೆ.

ಎಂಟರ್ ಒತ್ತಿದೆ.

ಮೇಲೆ, ಚೀಟಿಯ ಕಿಟಕಿಯಲ್ಲಿ, ಪುಷ್ಪಾವತಿಯ ಪರದೆ ನಿಂತಿತು.
ಅವಳು ಬೈದುಕೊಳ್ಳುತ್ತ ಕೆಂಪು ಬಟ್ಟೆಯ ರಜಿಸ್ಟರು ತೆಗೆದಳಂತೆ.
ಕಮಠಾಣದಿಂದ ಟಂಟಂನಲ್ಲಿ ಬಂದ ಬಸುರಿಯ ಹೆಸರು
ಪೆನ್ನಿನಲ್ಲಿ ಬಿತ್ತು.

ನಲವತ್ತು. ಐವತ್ತೆರಡು. ಅರವತ್ತೊಂದು.
ಅರವತ್ತೊಂದು.
ಅರವತ್ತೊಂದು.
ಹಳೆಯದು ಅಳಿದಿದೆ, ಹೊಸದು ಪೂರಾ ಬಂದಿಲ್ಲ,
ಈಗ ಕರೆಂಟು ಹೋದರೆ ಇದು ಬರೀ ತಗಡು.
ಜನರೇಟರ್ ಹತ್ತಿರ ಸಿದ್ರಾಮನನ್ನು ಕಳಿಸಿದೆ,
ಬರಿಗಾಲಲ್ಲೇ ಓಡಿದ.
ನಾಲ್ಕು ನಿಮಿಷ ಉಗುರು ಕಚ್ಚಿದೆ. ದೇವರ ಹೆಸರು ಬಾಯಿಗೆ ಬರಲಿಲ್ಲ,
ಬಂದದ್ದು ಘಾಳೆಪ್ಪ ಸರ್ ಫೋನ್ ನಂಬರು.
ಈ ಹೊತ್ತಲ್ಲಿ ಹಚ್ಚಲಿಲ್ಲ.

ಆಮೇಲೆ ಒಮ್ಮೆಲೇ ನೂರು.
ಫ್ಯಾನು ಸುಂಯ್‌ಗುಟ್ಟಿ, ಹಳದಿ ದೀಪ ಒಂದೊಂದಾಗಿ ಹಸಿರು.
ಪೆಟ್ಟಿಗೆ ಎದ್ದಿತು, ಆದರೆ ತಾರೀಖು ಮರೆತು:
ಒಂದು ಜನವರಿ, ಹತ್ತೊಂಬತ್ತು ನೂರಾ ಎಪ್ಪತ್ತು.
ನಾನಿನ್ನೂ ಹುಟ್ಟಿಲ್ಲ. ಈ ಕೋಣೆಯಲ್ಲಿ ಗಾದಿಗಳಿವೆ.

ಕಟ್ಟಳೆಗಳನ್ನು ತಿರುಗಿ ತುಂಬಿ ಕೆಳಗಿಳಿಯುತ್ತಿದ್ದೆ.
ಮೂವತ್ತೊಂಬತ್ತು, ನಲವತ್ತು.
ನಲವತ್ತೊಂದರ ಎದುರು: ಮೂರು.
ನೋಡುತ್ತಿದ್ದಂತೆ ಏಳು.
ನೋಡುತ್ತಿದ್ದಂತೆ ಹನ್ನೆರಡು.

ಹೆರಿಗೆ ವಾರ್ಡಿನಲ್ಲಿ ಸಿಸ್ಟರ್ ದೀನಮ್ಮ ಕೈ ತೊಳೆಯುತ್ತಿದ್ದರು.
"ಹೊಸಾ ಮಿಷಿನ್ ನೆಟ್ ಇಲ್ಲಂತ ಪಾಸ್‌ವರ್ಡ್ ಕೇಳ್ಕೋತ ಕುಂತದ.
ಕೂಸಿನ ಎದಿ ಬಡಿತ ಕಾಯ್ತದೇನ್ರಿ?
ಕಪಾಟಿನ್ಯಾಗಿನ ಹಳೇದು ತೆಗ್ದು ಹಚ್ಚಿದೆ.
ಘಾಳೆಪ್ಪ ಇದ್ದಾಗಿನದು. ಎರಡು ಗುದ್ದು ಕೊಟ್ರ ಚಾಲೂ ಆಗ್ತದ."
ಅದರ ಕಾಗದದ ಮೇಲೆ ಬೆಟ್ಟ ಕಣಿವೆ, ಬೆಟ್ಟ ಕಣಿವೆ.
ಹೆಣ್ಣು. ಎರಡು ಕೇಜಿ ಎಂಟುನೂರು.

ನೆಟ್ ನಿಲ್ಲಿಸಿದ್ದು ನಾನೆಂದು ಹೇಳಬೇಕಿತ್ತು.
ಹೇಳಲಿಲ್ಲ. ಕೂಸು ಚೆನ್ನಾಗಿದೆ ಅಂದೆ.

ಕೆಳಗಿಳಿದು ಸರ್ ಟಿಪ್ಪಣಿಯ ಪಕ್ಕ ಸೇರಿಸಿದೆ:
ದೀನಮ್ಮ ಸಿಸ್ಟರ್ ಕಪಾಟಿನದು. ಬೇಕಾಗ್ತದ.
ತಾರೀಖು ತಿದ್ದಲು ಹೋದೆ, ತಡೆದು ಒಮ್ಮೆ ದಾಖಲೆ ಓದಿದೆ.
ಪೆಟ್ಟಿಗೆಯ ಪ್ರಕಾರ, ಎಪ್ಪತ್ತರ ಮೊದಲ ದಿನ,
ಎದ್ದ ಒಂಬತ್ತನೆಯ ನಿಮಿಷಕ್ಕೆ,
ಮೊಟ್ಟಮೊದಲು ಒಳಗೆ ಬಂದದ್ದು ಆ ಬಡಿತ.

ಹೊರಗೆ ಸಿದ್ರಾಮ ಒಂದೇ ಚಪ್ಪಲಿ ಹಾಕಿಕೊಂಡು
ಇನ್ನೊಂದನ್ನು ಹುಡುಕುತ್ತಿದ್ದಾನೆ.